ಸಸ್ಯದ ಒಡಲನ್ನು ತೆರೆದು ನೋಡಿದ ನೆಹೆಮಿಯಾ ಗ್ರೂ

ರಾತ್ರಿ ನೀರಿನಲ್ಲಿ ನೆನೆಯಿಟ್ಟ ಅವರೆಕಾಳನ್ನು ಬೆಳಿಗ್ಗೆ ಹಿತುಕಿ, ಸಿಪ್ಪೆಯನ್ನು ಕಳಚಿ, ಎರಡು ಬೇಳೆಗಳನ್ನು ಬಿಡಿಸಿ, ಅವುಗಳ ಸಂಧಿಯಲ್ಲಿ ಅಡಗಿರುವ ಎಳೆಯ ಮೊಳಕೆಯನ್ನು ವಿದ್ಯಾರ್ಥಿಗಳಿಗೆ ತೋರಿಸದ ವಿಜ್ಞಾನ ಶಿಕ್ಷಕರು ನಮ್ಮ ನಾಡಿನಲ್ಲಿ ವಿರಳ. ಮೊಳಕೆಯ ಒಂದು ತುದಿ ಕೆಳಗಿಳಿದು ಬೇರಾಗುವುದೆಂದೂ ಇನ್ನೊಂದು ತುದಿ ಮೇಲೆದ್ದು ಕಾಂಡವಾಗುವುದೆಂದೂ, ಅಲ್ಲಿಯವರೆಗೆ ಆ ಶಿಶುವಿಗೆ ಬೇಳೆಗಳೇ ಬುತ್ತಿಯೆಂದೂ ಹೇಳಿ ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಇಷ್ಟು ಸರಳವಾದ ಈ ಪಾಠಕ್ಕೆ ಮೂರೂವರೆ ಶತಮಾನಗಳ ವಯಸ್ಸಾಗಿದೆಯೆಂಬುದನ್ನು ನಾವು ನೆನೆಯುವುದಿಲ್ಲ. 1672ರ ಇಸವಿಯನ್ನು ಹೊತ್ತು ಲಂಡನ್ನಿನಲ್ಲಿ ಪ್ರಕಟವಾದ ಒಂದು ಕಿರುಹೊತ್ತಿಗೆಯ ಮೊದಲ ಅಧ್ಯಾಯವು ಹೀಗೆಯೇ ಒಂದು ನೆನೆದ ಕಾಳನ್ನು ಬಿಡಿಸಿ ನೋಡುವುದರಿಂದ ಆರಂಭವಾಗುತ್ತದೆ. ಅದನ್ನು ಬರೆದವನು ಮೂವತ್ತರ ಹರೆಯದ ಒಬ್ಬ ಊರ ವೈದ್ಯ. ಹೆಸರು ನೆಹೆಮಿಯಾ ಗ್ರೂ. ಸಸ್ಯದ ಅಂಗಾಂಶಗಳ ಶಾಸ್ತ್ರವು ಈತನಿಂದ ಹಾಗೂ ಇವನು ಕಣ್ಣಾರೆ ಎಂದೂ ಕಾಣದ ಇಟಲಿಯ ಇನ್ನೊಬ್ಬ ವೈದ್ಯನಿಂದ ಏಕಕಾಲದಲ್ಲಿ ಹುಟ್ಟಿತು. ಆ ಹುಟ್ಟಿನ ಕಥೆಯೇ ಈತನ ಜೀವನದ ಮುಖ್ಯ ಕಥೆ.

ಗ್ರೂ ಜನಿಸಿದ್ದು 1641ರಲ್ಲಿ, ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತದ ಮ್ಯಾನ್ಸೆಟರ್ ಎಂಬ ಗ್ರಾಮದಲ್ಲಿ. ತಂದೆ ಒಬದಯಾ ಗ್ರೂ ಕ್ರೈಸ್ತ ಧರ್ಮಬೋಧಕ. ಮುಂದೆ ಕೊವೆಂಟ್ರಿ ನಗರದ ಸೇಂಟ್ ಮೈಕೆಲ್ ಎಂಬ ದೊಡ್ಡ ಇಗರ್ಜಿಯ ಗುರುವಾದವನು. ಮಗು ತೊಟ್ಟಿಲಲ್ಲಿರುವಾಗಲೇ ಆ ದೇಶದಲ್ಲಿ ರಾಜನಿಗೂ ಸಂಸತ್ತಿಗೂ ಅಂತರ್ಯುದ್ಧ ಹೊತ್ತಿಕೊಂಡಿತು. ಒಬದಯಾ ಸಂಸತ್ತಿನ ಪಕ್ಷದವನು. ಆದರೂ ಸೆರೆಸಿಕ್ಕ ರಾಜನನ್ನು ಕೊಲ್ಲುವುದು ಅಧರ್ಮವೆಂದು ತನ್ನ ಪಕ್ಷದವರ ಎದುರಿಗೇ ನಿಂತು ವಾದಿಸಿದನು. ವಾದ ಸಲ್ಲಲಿಲ್ಲ, 1649ರಲ್ಲಿ ರಾಜನ ಶಿರಚ್ಛೇದವಾಯಿತು. ಹನ್ನೊಂದು ವರ್ಷಗಳ ತರುವಾಯ ಆ ರಾಜನ ಮಗ ಇಮ್ಮಡಿ ಚಾರ್ಲ್ಸ್ ಸಿಂಹಾಸನಕ್ಕೆ ಮರಳಿದಾಗ, ರಾಜನ ಪ್ರಾಣಕ್ಕಾಗಿ ವಾದಿಸಿದ್ದ ಈ ಬೋಧಕನಿಗೆ ದೊರೆತ ಪ್ರತಿಫಲವೆಂದರೆ ಪದಚ್ಯುತಿ. ಪೂಜಾವಿಧಿಗಳೆಲ್ಲ ಒಂದೇ ಗ್ರಂಥದಂತೆ ನಡೆಯಬೇಕೆಂದು 1662ರಲ್ಲಿ ಜಾರಿಯಾದ ಶಾಸನಕ್ಕೆ ಅಂತಃಸಾಕ್ಷಿಯು ಒಪ್ಪದೆ ಸುಮಾರು ಎರಡು ಸಾವಿರ ಬೋಧಕರು ತಮ್ಮ ಸ್ಥಾನಗಳನ್ನು ಕಳೆದುಕೊಂಡರು. ಅವರಲ್ಲಿ ಒಬದಯಾ ಗ್ರೂ ಒಬ್ಬನು.

ಮಗ ಆ ವೇಳೆಗೆ ಕೇಂಬ್ರಿಜ್ಜಿನ ಪೆಂಬ್ರೋಕ್ ವಿದ್ಯಾಲಯದಲ್ಲಿ ಪದವಿಯನ್ನು ಮುಗಿಸಿದ್ದನು. ಧರ್ಮಬೋಧೆಯ ದಾರಿ ಮುಚ್ಚಿತ್ತು, ವೈದ್ಯವೃತ್ತಿ ಉಳಿದಿತ್ತು. ಪ್ರಾಣಿಗಳ ಶರೀರವನ್ನು ಸೀಳಿ ಹೃದಯ, ನರ, ನಾಳಗಳನ್ನು ಕಂಡು ಬೆರಗಾದ ಅಂದಿನ ವೈದ್ಯರ ಗ್ರಂಥಗಳನ್ನು ಓದುತ್ತಿದ್ದ ಈ ತರುಣನಿಗೆ 1664ರಲ್ಲಿ ಒಂದು ವಿಚಾರ ಹೊಳೆಯಿತು. ಪ್ರಾಣಿಯನ್ನು ಸೃಷ್ಟಿಸಿದ ಕೈಯೇ ಗಿಡವನ್ನೂ ಸೃಷ್ಟಿಸಿದ್ದಾದರೆ, ಗಿಡದ ಒಳಗೂ ಅಷ್ಟೇ ಜಾಣ್ಮೆಯ ರಚನೆ ಇರಲೇಬೇಕಲ್ಲವೆ? ಹಾಗಿದ್ದ ಮೇಲೆ ಅದನ್ನು ಯಾರೂ ಕೊಯ್ದು ನೋಡದಿರುವುದೇಕೆ? ವೈದ್ಯರು ಗಿಡಗಳನ್ನು ಔಷಧಕ್ಕಾಗಿ ಅರೆದಿದ್ದರು, ತೋಟಗಾರರು ಕಸಿಮಾಡಿದ್ದರು, ಪಂಡಿತರು ಹೆಸರಿಟ್ಟು ಪಟ್ಟಿಮಾಡಿದ್ದರು. ಒಳಗೆ ಏನಿದೆಯೆಂದು ಕ್ರಮವಾಗಿ ಕೇಳಿದವರಿರಲಿಲ್ಲ. 1668ರಲ್ಲಿ ಆತನು ಈ ಮಾತನ್ನು ತನ್ನ ತಾಯಿಯ ಮೊದಲ ಮದುವೆಯ ಮಗನೂ ಹಿರಿಯ ವೈದ್ಯನೂ ಆದ ಹೆನ್ರಿ ಸ್ಯಾಂಪ್ಸನ್ನನಲ್ಲಿ ತೆರೆದಿಟ್ಟನು. ಅಣ್ಣನು, ಯಕೃತ್ತಿನ ವಿಷಯವಾಗಿ ಫ್ರಾನ್ಸಿಸ್ ಗ್ಲಿಸನ್ ಬರೆದಿದ್ದ ಗ್ರಂಥವನ್ನು ತೆಗೆದು, ಸಸ್ಯಗಳ ಒಳರಚನೆಯು ಇನ್ನೂ ಯಾರೂ ಉಳದ ಹೊಲವೆಂಬ ಅರ್ಥದ ಭಾಗವನ್ನು ತೋರಿಸಿ ತಮ್ಮನನ್ನು ಹುರಿದುಂಬಿಸಿದನು. ಸರಿಯಾದ ಹೊತ್ತಿನಲ್ಲಿ ಸರಿಯಾದ ಪುಟವನ್ನು ತೆರೆದು ತೋರಿಸುವ ಹಿರಿಯರೊಬ್ಬರು ಇಂತಹ ಜೀವನಚರಿತ್ರೆಗಳಲ್ಲೆಲ್ಲ ಇದ್ದೇ ಇರುತ್ತಾರೆ.

ಗ್ರೂ ಕೊವೆಂಟ್ರಿಯಲ್ಲಿ ರೋಗಿಗಳನ್ನು ನೋಡುತ್ತ, ಉಳಿದ ವೇಳೆಯಲ್ಲಿ ಗಿಡಗಳನ್ನು ಕೊಯ್ದನು. ಸಲಕರಣೆಯೆಂದರೆ ಹರಿತವಾದ ಕ್ಷೌರದ ಕತ್ತಿ. ಆರಂಭದ ಕೆಲಸವೆಲ್ಲ ಬಹುಮಟ್ಟಿಗೆ ಬರಿಗಣ್ಣಿನದು. ಇದನ್ನು ಒತ್ತಿ ಹೇಳಬೇಕು. ಏಕೆಂದರೆ ಸೂಕ್ಷ್ಮದರ್ಶಕವಿಲ್ಲದೆ ಸಸ್ಯಶಾಸ್ತ್ರವನ್ನು ಬೋಧಿಸುವುದು ಹೇಗೆಂದು ಹಳ್ಳಿಯ ಶಾಲೆಗಳಲ್ಲಿ ನಾವು ಆಗಾಗ ಕೊರಗುವುದುಂಟು. ಕಾಂಡವನ್ನು ಅಡ್ಡಲಾಗಿ ಒಮ್ಮೆ, ಉದ್ದಕ್ಕೆ ಒಮ್ಮೆ, ಓರೆಯಾಗಿ ಒಮ್ಮೆ ಕೊಯ್ದು, ಮೂರನ್ನೂ ಮನಸ್ಸಿನಲ್ಲಿ ಜೋಡಿಸಿ ಒಳಗಿನ ಪೂರ್ಣರೂಪವನ್ನು ಕಾಣುವುದು ಆತನ ಕ್ರಮ. ಇದಕ್ಕೆ ಕೆಲವು ವರ್ಷಗಳ ಹಿಂದೆ, 1665ರಲ್ಲಿ, ರಾಬರ್ಟ್ ಹುಕ್ ಎಂಬ ಪ್ರತಿಭಾವಂತನು ಬೆಂಡಿನ ತೆಳುಸೀಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಅದರ ಕಿರುಗೂಡುಗಳಿಗೆ ಸೆಲ್ ಎಂಬ ಹೆಸರನ್ನು ಕೊಟ್ಟಿದ್ದನು. ಜೀವಕೋಶದ ಇತಿಹಾಸವು ಅಲ್ಲಿಂದ ಆರಂಭವಾಗುವುದು ಸರಿಯೆ. ಆದರೆ ಹುಕ್‌ನಿಗೆ ಬೆಂಡು ಅನೇಕ ಕೌತುಕಗಳಲ್ಲಿ ಒಂದು. ಚಿಗಟ, ನೊಣದ ಕಣ್ಣು, ಸೂಜಿಯ ಮೊನೆ ಇವುಗಳ ಸಾಲಿನಲ್ಲಿ ಬಂದದ್ದು. ಗ್ರೂ ಆದರೋ ಬೀಜದಿಂದ ಹೊರಟು ಬೇರು, ಕಾಂಡ, ಎಲೆ, ಹೂವು, ಹಣ್ಣುಗಳನ್ನು ದಾಟಿ ಮತ್ತೆ ಬೀಜಕ್ಕೇ ಬಂದು ನಿಂತನು.

1670ರಲ್ಲಿ ಈ ಪ್ರಬಂಧದ ಹಸ್ತಪ್ರತಿಯು ಅಣ್ಣ ಸ್ಯಾಂಪ್ಸನ್ನನ ಮೂಲಕ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗನಿಗೂ, ಆತನಿಂದ ಬಿಷಪ್ ಜಾನ್ ವಿಲ್ಕಿನ್ಸನಿಗೂ ತಲುಪಿತು. ವಿಲ್ಕಿನ್ಸ್ ಅದನ್ನು ಸಭೆಯ ಮುಂದಿಟ್ಟನು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು: ವಿಲ್ಕಿನ್ಸ್ ರಾಜಮಾನ್ಯ ಇಗರ್ಜಿಯ ಬಿಷಪ್, ಗ್ರೂ ಆ ಇಗರ್ಜಿಯಿಂದ ಹೊರದೂಡಲ್ಪಟ್ಟವನ ಮಗ. ವಿದ್ಯೆಯ ವಿಷಯದಲ್ಲಿ ಆ ಬಿಷಪ್ಪನು ಭೇದವನ್ನೆಣಿಸಲಿಲ್ಲ. 1671ರ ಮೇ ತಿಂಗಳಲ್ಲಿ ಪ್ರಬಂಧವನ್ನು ಅಚ್ಚುಹಾಕಿಸಲು ಸೊಸೈಟಿಯು ನಿರ್ಣಯಿಸಿತು. ಜುಲೈಯಲ್ಲಿ ಗ್ರೂ ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯಕ್ಕೆ ಹೋಗಿ ವೈದ್ಯಕೀಯದ ಡಾಕ್ಟರ್ ಪದವಿಯನ್ನು ಪಡೆದು ಬಂದನು. ಅದೇ ವರ್ಷದ ಕೊನೆಯಲ್ಲಿ ಸೊಸೈಟಿಯ ಸದಸ್ಯನಾದನು. ಎಲ್ಲವೂ ಸುಗಮವಾಗಿ ಸಾಗಿದಂತೆ ತೋರಿತು.

ಆಗಲೇ ಆ ವಿಚಿತ್ರ ಪ್ರಸಂಗ ಒದಗಿತು. 1671ರ ಡಿಸೆಂಬರ್ 7ರಂದು ಗ್ರೂವಿನ ಅಚ್ಚಾದ ಪುಸ್ತಕವು ರಾಯಲ್ ಸೊಸೈಟಿಯ ಮೇಜಿನ ಮೇಲೆ ಬಂದಿತು. ಅದೇ ದಿನ ಇಟಲಿಯ ಬೊಲೋನಾ ನಗರದಿಂದ ಲ್ಯಾಟಿನ್ ಭಾಷೆಯ ಹಸ್ತಪ್ರತಿಯೊಂದೂ ಸಭೆಯ ಮುಂದೆ ಬಂದಿತು. ಅದರ ವಿಷಯವೂ ಸಸ್ಯಗಳ ಒಳರಚನೆಯೆ! ಬರೆದವನು ಮಾರ್ಚೆಲ್ಲೊ ಮಾಲ್ಪೀಗಿ. ಈತ ಸಾಮಾನ್ಯನಲ್ಲ, ಗ್ರೂವಿಗಿಂತ ಹದಿಮೂರು ವರ್ಷ ಹಿರಿಯ. ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು 1661ರಲ್ಲಿ ಕಂಡು, ರಕ್ತಪರಿಚಲನೆಯ ಸಿದ್ಧಾಂತದಲ್ಲಿ ಕಾಣೆಯಾಗಿದ್ದ ಕೊಂಡಿಯನ್ನು ಜೋಡಿಸಿದವನು. ರೇಷ್ಮೆಹುಳುವಿನ ಅಂಗರಚನೆಯನ್ನು ಬರೆದು ಯುರೋಪಿನಲ್ಲೆಲ್ಲ ಕೀರ್ತಿ ಪಡೆದವನು. ಕೊವೆಂಟ್ರಿಯ ಅಪ್ರಸಿದ್ಧ ವೈದ್ಯನೆಲ್ಲಿ, ಬೊಲೋನಾದ ಆಚಾರ್ಯನೆಲ್ಲಿ! ಇಬ್ಬರೂ ಪರಸ್ಪರ ಅರಿಯದೆ ವರ್ಷಗಟ್ಟಲೆ ಒಂದೇ ಹೊಲವನ್ನು ಎರಡು ಕಡೆಗಳಿಂದ ಉತ್ತುಕೊಂಡು ಬಂದು ನಡುವೆ ಸಂಧಿಸಿದಂತಾಗಿತ್ತು.

ಯಾರು ಮೊದಲಿಗರೆಂಬ ಪ್ರಶ್ನೆಯು ವಿದ್ವಾಂಸರ ಲೋಕದಲ್ಲಿ ಎಂತಹ ಕಹಿಯನ್ನು ತರಬಲ್ಲುದೆಂಬುದನ್ನು ಬಲ್ಲವರೇ ಬಲ್ಲರು. ಆ ಕಾಲದವರೇ ಆದ ನ್ಯೂಟನ್ ಮತ್ತು ಲೈಬ್ನಿಟ್ಸರು ಕಲನಶಾಸ್ತ್ರದ ವಿಷಯವಾಗಿ ನಡೆಸಿದ ಕಲಹವು ಅವರ ಶಿಷ್ಯಪರಂಪರೆಗೂ ಅಂಟಿತು. ಗ್ರೂ ಮಾಡಿದ್ದೇ ಬೇರೆ. ಹಿರಿಯನಾದ ಮಾಲ್ಪೀಗಿಯು ಈ ಕಾರ್ಯವನ್ನು ಕೈಗೊಂಡಿರುವಾಗ ತಾನು ಹಿಂದೆ ಸರಿಯುವುದೇ ಯೋಗ್ಯವೆಂದು ಆತನು ಸೊಸೈಟಿಗೆ ತಿಳಿಸಿದನು. ಸೊಸೈಟಿಯ ಹಿರಿಯರು ಒಪ್ಪಲಿಲ್ಲ. ಒಂದೇ ವಸ್ತುವನ್ನು ಇಬ್ಬರು ಸ್ವತಂತ್ರವಾಗಿ ಪರೀಕ್ಷಿಸಿದರೆ ಒಬ್ಬರ ಕಾಣ್ಕೆಗೆ ಇನ್ನೊಬ್ಬರು ಸಾಕ್ಷಿಯಾಗುವರೆಂದು ತಿಳಿದು ಇಬ್ಬರನ್ನೂ ಮುಂದುವರಿಯುವಂತೆ ಪ್ರೇರೇಪಿಸಿದರು. ಮಾಲ್ಪೀಗಿಯ ಪೂರ್ಣಗ್ರಂಥವನ್ನು 1675 ಮತ್ತು 1679ರಲ್ಲಿ ಎರಡು ಭಾಗಗಳಾಗಿ ಲಂಡನ್ನಿನಲ್ಲಿ ಪ್ರಕಟಿಸಿದ್ದೂ ಇದೇ ಸೊಸೈಟಿ. ಇಂಗ್ಲಿಷ್ ಬಾರದ ಮಾಲ್ಪೀಗಿ ಗ್ರೂವಿನ ಬರಹವನ್ನು ಲ್ಯಾಟಿನ್ನಿಗೆ ಅನುವಾದಿಸಿಕೊಂಡು ಓದಿದನು. ಗ್ರೂ ತನ್ನ ಮುಂದಿನ ಗ್ರಂಥದಲ್ಲಿ, ನಾಳಗಳ ಸುರುಳಿಯಾಕಾರದ ರಚನೆಯನ್ನು ಮೊದಲು ಕಂಡವನು ಮಾಲ್ಪೀಗಿಯೆಂದು ತೆರೆದ ಮನಸ್ಸಿನಿಂದ ಒಪ್ಪಿಕೊಂಡನು. ಎರಡು ಶತಮಾನಗಳ ನಂತರ ಜರ್ಮನಿಯ ಶ್ಲೈಡನ್ ಎಂಬ ಸಸ್ಯವಿಜ್ಞಾನಿಯು ಗ್ರೂ ಮೇಲೆ ಕೃತಿಚೌರ್ಯದ ಆರೋಪವನ್ನು ಹೊರಿಸಿದನಾದರೂ, ಸೊಸೈಟಿಯ ದಾಖಲೆಗಳ ಮುಂದೆ ಅದು ನಿಲ್ಲಲಿಲ್ಲ. ಆರೋಪಕ್ಕೆ ಗುರಿಯಾದವನು ಸ್ಪರ್ಧೆಯನ್ನೇ ಬಿಟ್ಟುಕೊಡಲು ಸಿದ್ಧನಾಗಿದ್ದವನೆಂಬುದು ಇಲ್ಲಿಯ ವಿಪರ್ಯಾಸ.

ಸಂಶೋಧನೆಯೇನೋ ಮುಂದುವರಿಯಬೇಕು, ಆದರೆ ಹೊಟ್ಟೆಪಾಡು? ಕೊವೆಂಟ್ರಿಯ ರೋಗಿಗಳನ್ನು ಬಿಟ್ಟು ಲಂಡನ್ನಿಗೆ ಬಂದರೆ ಜೀವನ ನಡೆಯುವುದು ಹೇಗೆ? ವಿಲ್ಕಿನ್ಸನೇ ಮುಂದಾಗಿ 1672ರಲ್ಲಿ ಸದಸ್ಯರಿಂದ ಚಂದಾ ಎತ್ತಿ ವರ್ಷಕ್ಕೆ 50 ಪೌಂಡುಗಳನ್ನು ಕೂಡಿಸುವ ಏರ್ಪಾಡು ಮಾಡಿ, ಸಸ್ಯರಚನೆಯ ಪರೀಕ್ಷಕನೆಂಬ ಹುದ್ದೆಯನ್ನು ಗ್ರೂವಿಗೆ ಕೊಡಿಸಿದನು. ಗ್ರೂ ಲಂಡನ್ನಿಗೆ ಬಂದನು. ಅದೇ ವರ್ಷದ ನವೆಂಬರ್‌ನಲ್ಲಿ ವಿಲ್ಕಿನ್ಸ್ ತೀರಿಕೊಂಡನು. ಚಂದಾ ಬರೆಸಿದವರೆಲ್ಲರೂ ಅದನ್ನು ಸಕಾಲದಲ್ಲಿ ಸಲ್ಲಿಸಲಿಲ್ಲ. ಹಣವು ಬಾಕಿ ಬಿದ್ದಿತು. ಸಂಸ್ಥೆಗಳನ್ನು ಕಟ್ಟಿ ನಡೆಸಿದವರಿಗೆ ಇದು ಹೊಸ ಕಥೆಯೇನಲ್ಲ. ಗ್ರೂ ಮತ್ತೆ ವೈದ್ಯವೃತ್ತಿಯನ್ನೇ ಆಶ್ರಯಿಸಬೇಕಾಯಿತು. ಹಗಲು ರೋಗಿಗಳ ಮನೆಗಳು, ಬಿಡುವಿನಲ್ಲಿ ಕತ್ತಿ ಮತ್ತು ಕನ್ನಡಿ. ಕೊಟ್ಟ ಮಾತಿನಂತೆ ಸೊಸೈಟಿಯ ಮುಂದೆ ಉಪನ್ಯಾಸಗಳನ್ನು ಮಾತ್ರ ಆತನು ತಪ್ಪಿಸಲಿಲ್ಲ. ಸೂಕ್ಷ್ಮದರ್ಶಕವು ಆತನ ಕೈಗೆ ಒದಗಿದ್ದು ಈ ಕಾಲದಲ್ಲಿ, ಹುಕ್‌ನ ನೆರವಿನಿಂದ.

ಆತನು ಕಂಡದ್ದೇನೆಂಬುದನ್ನು ಈಗ ಸ್ವಲ್ಪ ವಿವರವಾಗಿ ನೋಡೋಣ. ಕಾಂಡದ ಒಳಗಿನ ಮೆದುಭಾಗವನ್ನು ಹಿಗ್ಗಲಿಸಿ ನೋಡಿದಾಗ ಅದು ತೆಳ್ಳನೆಯ ಗೋಡೆಗಳ ಲೆಕ್ಕವಿಲ್ಲದ ಗುಳ್ಳೆಗಳ ರಾಶಿಯಾಗಿ ತೋರಿತು. ಕಡೆದ ಮಜ್ಜಿಗೆಯ ಮೇಲಣ ನೊರೆಯನ್ನು ನೆನೆದರೆ ನಮಗೆ ಅದರ ಕಲ್ಪನೆಯಾದೀತು. ಗ್ರೀಕರ ವೈದ್ಯಶಾಸ್ತ್ರದಿಂದ ಪದವೊಂದನ್ನು ಎರವಲು ತಂದು ಇದಕ್ಕೆ ಪೇರೆಂಕೈಮ ಎಂದು ಹೆಸರಿಟ್ಟವನು ಗ್ರೂ. ನಮ್ಮ ಹತ್ತನೆಯ ತರಗತಿಯೊಳಗಿನ ಮಕ್ಕಳೂ ಇಂದು ಈ ಹೆಸರನ್ನು ಉರುಹೊಡೆಯುತ್ತಾರೆ. ಆಲೂಗಡ್ಡೆಯ ತಿರುಳು, ಬಾಳೆದಿಂಡು, ಮಾವಿನ ಹಣ್ಣಿನ ರಸಭಾಗ, ಅವರೆಯ ಬೇಳೆ ಎಲ್ಲವೂ ಮುಖ್ಯವಾಗಿ ಈ ಅಂಗಾಂಶವೇ. ಅದರ ಕೋಶಗಳು ಜೀವಂತವಾದವು. ಆಹಾರವನ್ನು ಕೂಡಿಡುವುದು, ಎಲೆಯಲ್ಲಾದರೆ ಆಹಾರವನ್ನು ತಯಾರಿಸುವುದು ಅವುಗಳ ಕೆಲಸ. ಈ ನೊರೆಯ ನಡುವೆ ಉದ್ದುದ್ದಕ್ಕೆ ಹರಿದಿರುವ ಕೊಳವೆಗಳನ್ನು ಗ್ರೂ ಬೇರೆಯಾಗಿ ಗುರುತಿಸಿದನು. ಬೇರಿನಲ್ಲಿ ಅವು ನಟ್ಟನಡುವೆ ಕೂಡಿರುವುದನ್ನೂ ಎಳೆಯ ಕಾಂಡದಲ್ಲಿ ಉಂಗುರದಂತೆ ಹರಡಿರುವುದನ್ನೂ ಎಲೆಯಲ್ಲಿ ನರಗಳಾಗಿ ಕವಲೊಡೆಯುವುದನ್ನೂ ಒಂದಕ್ಕೊಂದು ಸಂಬಂಧಿಸಿ ತೋರಿಸಿದನು. ಬೇರಿನ ತುದಿಯಿಂದ ಎಲೆಯ ತುದಿಯವರೆಗೆ ಒಂದೇ ಕೊಳವೆಗಳ ವ್ಯೂಹವಿದೆಯೆಂಬ ಅರಿವು ಹೀಗೆ ಮೂಡಿತು.

ಎಲ್ಮ್, ಓಕ್, ಆ್ಯಶ್, ವಾಲ್ನಟ್, ದ್ರಾಕ್ಷಿ ಮುಂತಾದವುಗಳ ಕಾಂಡಗಳನ್ನು ಸಾಲಾಗಿ ಕೊಯ್ದು ಹೋಲಿಸಿದ ಗ್ರಂಥವು 1675ರಲ್ಲಿ ಹೊರಬಂದಿತು. ಮರವನ್ನು ಅದರ ಕಟ್ಟಿಗೆಯ ರಂಧ್ರಗಳ ಜೋಡಣೆಯಿಂದಲೇ ಗುರುತಿಸಬಹುದೆಂಬುದಕ್ಕೆ ಅದು ಬುನಾದಿ. ಮರವು ದಪ್ಪವಾಗುವ ಬಗೆಯೂ ಅದರಲ್ಲಿ ಸ್ಪಷ್ಟವಾಯಿತು. ಒಳಗಿನ ತಿರುಳು ಉಬ್ಬಿ ಮರವು ದಪ್ಪವಾಗುವುದಿಲ್ಲ. ತೊಗಟೆಯೂ ಕಟ್ಟಿಗೆಯೂ ಕೂಡುವಲ್ಲಿ ವರ್ಷವರ್ಷವೂ ಹೊಸ ಪದರವೊಂದು ಸೇರುತ್ತದೆ. ಆ ಕೂಡುವೆಡೆಯಲ್ಲಿರುವುದೇ ಇಂದು ನಾವು ಕೇಂಬಿಯಂ ಎನ್ನುವ ವರ್ಧನ ಅಂಗಾಂಶ. ಅದು ಒಳಮಗ್ಗುಲಿಗೆ ಕಟ್ಟಿಗೆಯನ್ನು, ಹೊರಮಗ್ಗುಲಿಗೆ ತೊಗಟೆಯ ನಾಳಗಳನ್ನು ಕೊಡುತ್ತ ಹೋಗುತ್ತದೆ. ಉದ್ದಕ್ಕೆ ಬೆಳೆಯುವುದಾದರೋ ಕುಡಿಯ ಮತ್ತು ಬೇರಿನ ತುದಿಗಳ ಕೆಲಸ. ಅಲ್ಲಿಯ ಕೋಶಗಳು ಎಡೆಬಿಡದೆ ಒಡೆದು ಇಮ್ಮಡಿಸುತ್ತವೆ, ಅನಂತರ ನೀರನ್ನು ಹೀರಿ ನೀಳವಾಗುತ್ತವೆ. ಎದೆಯ ಎತ್ತರದಲ್ಲಿ ಮರಕ್ಕೆ ಹೊಡೆದ ಮೊಳೆಯು ಇಪ್ಪತ್ತು ವರ್ಷಗಳ ಮೇಲೂ ಅದೇ ಎತ್ತರದಲ್ಲಿ ಇರುವುದೂ, ಆದರೆ ತೊಗಟೆಯಲ್ಲಿ ಹುದುಗಿಹೋಗುವುದೂ ಈ ಎರಡು ಬಗೆಯ ಬೆಳವಣಿಗೆಯಿಂದಲೇ. ಪ್ರಾಣಿಯು ಮೈಯೆಲ್ಲ ಒಟ್ಟಿಗೆ ಬೆಳೆದು ಒಂದು ದಿನ ನಿಲ್ಲುತ್ತದೆ. ಗಿಡವು ಗೊತ್ತಾದ ಕೆಲವು ಸ್ಥಾನಗಳಲ್ಲಿ ಮಾತ್ರ ಬೆಳೆಯುತ್ತದೆ, ಆದರೆ ಬದುಕಿರುವವರೆಗೂ ಬೆಳೆಯುತ್ತದೆ.

ಗ್ರೂ ಎಲ್ಲಿ ತಪ್ಪಿದನೆಂಬುದನ್ನೂ ಹೇಳದಿದ್ದರೆ ಚರಿತ್ರೆ ಪೂರ್ಣವಾಗದು. ಸಸ್ಯದ ಮೈಯೆಲ್ಲ ಅತಿಸೂಕ್ಷ್ಮವಾದ ಎಳೆಗಳಿಂದ ನೆಯ್ದ ವಸ್ತ್ರವೆಂದು ಆತನು ಭಾವಿಸಿದನು. ನೆಟ್ಟನೆ ನಿಂತ ನಾಳಗಳೇ ಹಾಸು, ಅಡ್ಡಲಾಗಿ ಸುತ್ತಿ ಗುಳ್ಳೆಗಳನ್ನು ರೂಪಿಸುವ ಎಳೆಗಳೇ ಹೊಕ್ಕು. ಕಸೂತಿಯ ಜಾಲರಿಯನ್ನು ಆತನು ಉಪಮಾನವಾಗಿ ತಂದನು. ನಿಜಸ್ಥಿತಿ ಹಾಗಿಲ್ಲ: ಕೋಶವೇ ಮೂಲ, ನಾಳಗಳೂ ಕೋಶಗಳಿಂದಲೇ ಆದವು. ಒಂದರ ಮೇಲೊಂದು ಕುಳಿತ ಕೋಶಗಳು ತಮ್ಮ ಗೋಡೆಗಳನ್ನು ದಪ್ಪಗೊಳಿಸಿಕೊಂಡು, ನಡುವಣ ಅಡ್ಡಗೋಡೆಗಳನ್ನು ಕರಗಿಸಿಕೊಂಡು, ಕೊನೆಗೆ ತಾವೇ ಸತ್ತು, ನೀರು ಹರಿಯುವ ಬಯಲು ಕೊಳವೆಯಾಗುತ್ತವೆ. ಇದನ್ನು ಸ್ಥಾಪಿಸಲು ಹತ್ತೊಂಬತ್ತನೆಯ ಶತಮಾನದ ಹ್ಯೂಗೋ ಫಾನ್ ಮೋಲ್ ಬರಬೇಕಾಯಿತು. ಆದರೂ ಅಂಗಾಂಶಕ್ಕೆ ಯುರೋಪಿನ ಭಾಷೆಗಳಲ್ಲಿ ಬಳಕೆಯಾಗಿರುವ ಟಿಶ್ಯೂ ಎಂಬ ಮಾತಿಗೆ ನೆಯ್ದದ್ದೆಂಬುದೇ ಮೂಲಾರ್ಥ! ಉಪಮೆಯು ಸುಳ್ಳಾದ ಮೇಲೂ ಹೆಸರು ಉಳಿಯಿತು.

ಇನ್ನೊಂದು ತಪ್ಪು ನಾಳಗಳ ಕೆಲಸದ ವಿಷಯದಲ್ಲಿ. ಕಡಿದ ಕಟ್ಟಿಗೆಯ ನಾಳಗಳು ಬರಿದಾಗಿ ಕಾಣುವುದರಿಂದ ಅವು ಬಹುಕಾಲ ಗಾಳಿಯನ್ನೇ ಒಯ್ಯುವುವೆಂದು ಗ್ರೂ ತಿಳಿದನು. ಮಾಲ್ಪೀಗಿಯೂ ರೇಷ್ಮೆಹುಳುವಿನ ಉಸಿರುನಾಳಗಳ ಸುರುಳಿಯನ್ನು ಕಂಡಿದ್ದವನಾದ್ದರಿಂದ ಗಿಡದ ಸುರುಳಿನಾಳಗಳೂ ಉಸಿರಾಟಕ್ಕೇ ಇರಬೇಕೆಂದು ತರ್ಕಿಸಿದನು. ಆ ಸುರುಳಿಯನ್ನು ನೋಡಲು ಯಾವ ಉಪಕರಣವೂ ಬೇಡ. ತಾವರೆಯ ದಂಟನ್ನು ಮುರಿದು ಮೆಲ್ಲನೆ ಎಳೆದರೆ ಎರಡು ತುಂಡುಗಳ ನಡುವೆ ಜೇಡನ ನೂಲಿನಂತಹ ಎಳೆಗಳು ಬಿಚ್ಚಿಕೊಳ್ಳುತ್ತವೆ. ನಮ್ಮ ಪ್ರಾಚೀನ ಕವಿಗಳು ಬಿಸತಂತುವೆಂದು ಕೊಂಡಾಡಿದ ಆ ನೂಲು, ನೀರಿನ ನಾಳದ ಗೋಡೆಗೆ ಒಳಗಿನಿಂದ ಬಲಕೊಟ್ಟಿದ್ದ ಸುರುಳಿಯೇ. ಎಲೆಗಳಿಂದ ಆವಿಯಾಗುವ ನೀರು ಕೆಳಗಿನ ನೀರನ್ನು ಸರಪಳಿಯಂತೆ ಸೆಳೆಯುವಾಗ ಕೊಳವೆಯು ಕುಸಿಯದಂತೆ ಅದು ತಡೆಯುತ್ತದೆ. ಈ ಸೆಳೆತದ ಸಿದ್ಧಾಂತವನ್ನು ಡಿಕ್ಸನ್ ಮತ್ತು ಜೋಲಿ ಎಂಬವರು 1894ರಲ್ಲಿ ಮುಂದಿಟ್ಟರು. ಎಲೆಯ ಸಿಪ್ಪೆಯಲ್ಲಿ ಕಿರಿದಾದ ಬಾಗಿಲುಗಳಿರುವುದನ್ನು ಮಾತ್ರ ಗ್ರೂ ತಪ್ಪದೆ ಕಂಡಿದ್ದನು.

ಹೂವಿನ ವಿಷಯದಲ್ಲಿ ಆತನ ಊಹೆಯು ಗುರಿಯನ್ನು ಮುಟ್ಟಿತು. ಕೇಸರಗಳು ಬರಿಯ ಅಲಂಕಾರವೆಂದೋ ಗಿಡದ ಕಲ್ಮಶವನ್ನು ಹೊರಹಾಕುವ ಅಂಗವೆಂದೋ ತಿಳಿದಿದ್ದ ಕಾಲದಲ್ಲಿ, ಅವೇ ಹೂವಿನ ಪುರುಷಾಂಗವೆಂದೂ ಪರಾಗದ ಧೂಳಿಯಿಂದಲೇ ಬೀಜವು ಸಫಲವಾಗುವುದೆಂದೂ ಗ್ರೂ 1676ರ ಉಪನ್ಯಾಸದಲ್ಲಿ ಸೂಚಿಸಿ ಅನಂತರ ಗ್ರಂಥದಲ್ಲಿ ಸೇರಿಸಿದನು. ಈ ಮಾತು ತನ್ನೊಂದಿಗೆ ಸಂಭಾಷಿಸುವಾಗ ಥಾಮಸ್ ಮಿಲಿಂಗ್‌ಟನ್ ಎಂಬ ವೈದ್ಯನು ಸೂಚಿಸಿದ್ದೆಂದು ಬರೆದಿಡುವುದನ್ನು ಆತನು ಮರೆಯಲಿಲ್ಲ. ಆ ಮಾತುಕತೆಯಲ್ಲಿ ಇದ್ದವರು ಅವರಿಬ್ಬರೆ. ಬರೆಯದಿದ್ದರೆ ಲೋಕಕ್ಕೆ ತಿಳಿಯುತ್ತಲೇ ಇರಲಿಲ್ಲ. ಪ್ರಯೋಗದಿಂದ ಇದನ್ನು ಸಾಧಿಸಿ ತೋರಿಸಿದ ಕೀರ್ತಿ 1694ರಲ್ಲಿ ಜರ್ಮನಿಯ ಕ್ಯಾಮೆರೇರಿಯಸನಿಗೆ ಸಂದಿತು.

ಓಲ್ಡನ್‌ಬರ್ಗ್ 1677ರಲ್ಲಿ ಮರಣಹೊಂದಲು ಗ್ರೂ ಹುಕ್‌ನೊಡನೆ ಸೊಸೈಟಿಯ ಕಾರ್ಯದರ್ಶಿಯಾಗಿ, ಅದರ ಪತ್ರಿಕೆಯನ್ನೂ ಸ್ವಲ್ಪಕಾಲ ಸಂಪಾದಿಸಿದನು. ಸೊಸೈಟಿಯ ವಸ್ತುಸಂಗ್ರಹಾಲಯದ ವಿವರಪಟ್ಟಿಯನ್ನು 1681ರಲ್ಲಿ ಸಿದ್ಧಪಡಿಸಿ, ಆ ಸಂಗ್ರಹಾಲಯಕ್ಕೆ ಕಾರಣನಾದ ದಾನಿ ಡೇನಿಯಲ್ ಕಾಲ್ವಾಲನಿಗೆ ಅರ್ಪಿಸಿದನು. ಮರುವರ್ಷ, 1682ರಲ್ಲಿ, ಹದಿನೆಂಟು ವರ್ಷಗಳ ದುಡಿಮೆಯ ಫಲವಾದ ಮಹಾಗ್ರಂಥವು ಹೊರಬಂದಿತು. ಬೇರು, ಕಾಂಡ, ಎಲೆ, ಹೂವು, ಹಣ್ಣು, ಬೀಜಗಳನ್ನೊಳಗೊಂಡ ನಾಲ್ಕು ಭಾಗಗಳು. 80ಕ್ಕೂ ಮಿಕ್ಕಿದ ಚಿತ್ರಫಲಕಗಳು. ಅಡ್ಡಲಾಗಿ ಕೊಯ್ದು ಅರ್ಧಕ್ಕೆ ಸೀಳಿದ ದ್ರಾಕ್ಷಿಯ ಕೊಂಬೆಯ ಚಿತ್ರವೊಂದರಲ್ಲಿ ಅಡ್ಡಸೀಳಿನ ರಂಧ್ರಗಳೂ ಉದ್ದಸೀಳಿನ ನಾಳಗಳೂ ಒಟ್ಟಿಗೆ ಕಾಣುವಂತೆ ಬಿಡಿಸಲಾಗಿದೆ. ಒಂದು ರಂಧ್ರವನ್ನು ಬೆರಳಿನಿಂದ ಮುಟ್ಟಿ ಅದೇ ನಾಳವನ್ನು ಕೆಳಗಿನವರೆಗೆ ಹಿಂಬಾಲಿಸಬಹುದು. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಇಂತಹ ಚಿತ್ರವನ್ನು ಬರೆಯಲು ಹೆಣಗಿದ ಅಧ್ಯಾಪಕರಿಗೆ ಅದರ ಬೆಲೆ ಗೊತ್ತು.

ಗ್ರಂಥವು ಇಮ್ಮಡಿ ಚಾರ್ಲ್ಸ್ ದೊರೆಗೆ ಅರ್ಪಿತವಾಗಿದೆ. ರಾಜನು ಸೊಸೈಟಿಯ ಪೋಷಕನಾಗಿದ್ದುದರಿಂದ ಅದು ಸಹಜವಾದ ಮರ್ಯಾದೆ. ಆದರೆ ಅದೇ 1682ರಲ್ಲಿ, ಪದಚ್ಯುತ ಬೋಧಕರು ತಾವು ಹಿಂದೆ ಬೋಧಿಸುತ್ತಿದ್ದ ಊರಿನ ಐದು ಮೈಲಿಯೊಳಗೆ ಕಾಲಿಡಬಾರದೆಂಬ ಶಾಸನವನ್ನು ಮೀರಿದನೆಂದು ಒಬದಯಾ ಗ್ರೂವನ್ನು ಕೊವೆಂಟ್ರಿಯ ಕಾರಾಗೃಹದಲ್ಲಿ ಆರು ತಿಂಗಳು ಇರಿಸಲಾಯಿತು. ಆಗ ಆತನಿಗೆ ಎಪ್ಪತ್ತೈದರ ವಯಸ್ಸು. ಎರಡು ಕಣ್ಣುಗಳೂ ಹೋಗಿದ್ದುವು. ಕುರುಡ ಮುದುಕನು ಸೆರೆಮನೆಯಿಂದ ವಾರವಾರವೂ ಪ್ರವಚನವನ್ನು ಬಾಯಿಯಿಂದ ಹೇಳಿ ಬರೆಸಿದನು. ಅದನ್ನು ಶೀಘ್ರಲಿಪಿಕಾರರು ಪ್ರತಿಮಾಡಿ ಶಿಷ್ಯರಿಗೆ ಹಂಚಿದರು. ಮಗನು ಜಗತ್ತಿನಲ್ಲಿ ಯಾರೂ ಕಾಣದುದನ್ನು ಕಣ್ಣಿಂದ ಕಂಡು ರಾಜನಿಗೆ ಅರ್ಪಿಸಿದ ವರ್ಷ, ಕಣ್ಣಿಲ್ಲದ ತಂದೆಯು ಆ ರಾಜನ ಶಾಸನದಿಂದ ಸೆರೆಯಲ್ಲಿದ್ದನು. ಅರ್ಪಣೆಯ ಪುಟವನ್ನು ಬರೆಯುವಾಗ ಮಗನ ಕೈ ಹೇಗಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಒಂದನ್ನಂತೂ ಹೇಳಬಹುದು: ತಂದೆಯು ತನ್ನ ನಿಲುವನ್ನು ಬಿಡಲಿಲ್ಲ, ಮಗನು ತನ್ನ ಕೆಲಸವನ್ನು ಬಿಡಲಿಲ್ಲ. 1689ರಲ್ಲಿ ಒಬದಯಾ ಗ್ರೂ ಕಾಲವಾದನು.

ಮಹಾಗ್ರಂಥದ ಅನಂತರ ಗ್ರೂ ಸಸ್ಯಗಳತ್ತ ಹೆಚ್ಚಾಗಿ ಮರಳಲಿಲ್ಲ. 1684ರಲ್ಲಿ ಮನುಷ್ಯನ ಬೆರಳು ಮತ್ತು ಅಂಗೈಗಳ ಮೇಲಿನ ಗೆರೆಗಳನ್ನು ಚಿತ್ರಸಹಿತವಾಗಿ ವರ್ಣಿಸಿದನು. ಹೆಬ್ಬೆಟ್ಟಿನ ಗುರುತಿನ ಶಾಸ್ತ್ರದ ಚರಿತ್ರೆಕಾರರು ಆ ಲೇಖನವನ್ನು ಇಂದಿಗೂ ಮೊದಲು ಹೆಸರಿಸುತ್ತಾರೆ. 1695ರಲ್ಲಿ ಎಪ್ಸಂ ಎಂಬ ಊರಿನ ಬುಗ್ಗೆಯ ಕಹಿನೀರಿನಿಂದ ಬೇರ್ಪಡಿಸಿದ ವಿರೇಚಕ ಲವಣವನ್ನು ಕುರಿತು ಲ್ಯಾಟಿನ್ನಿನಲ್ಲಿ ಪುಸ್ತಿಕೆ ಬರೆದನು. ಮೌಲ್ಟ್ ಎಂಬ ಸೋದರರು ಆತನ ಅನುಮತಿಯಿಲ್ಲದೆ ಅದನ್ನು ಇಂಗ್ಲಿಷಿಗಿಳಿಸಿ, ಲವಣವನ್ನು ಅಗ್ಗವಾಗಿ ತಯಾರಿಸಿ ಮಾರತೊಡಗಿದರು. ಗ್ರೂ 1698ರಲ್ಲಿ ರಾಜಪತ್ರದ ಹಕ್ಕನ್ನು ಪಡೆದರೂ ಈ ಜಗಳದಲ್ಲಿ ನೆಮ್ಮದಿ ಕಾಣಲಿಲ್ಲ. ಮಾಲ್ಪೀಗಿಯ ಮುಂದೆ ಕೀರ್ತಿಯನ್ನೇ ಬಿಟ್ಟುಕೊಡಲು ಮುಂದಾದವನು ಉಪ್ಪಿಗಾಗಿ ಕಾದಾಡಿದನೆಂದು ಕೆಲವರು ಆಕ್ಷೇಪಿಸಬಹುದು. ತಾನಾಗಿ ಕೊಡುವುದು ಬೇರೆ, ಕೇಳದೆ ಕಿತ್ತುಕೊಳ್ಳುವುದು ಬೇರೆ ಎಂದೇ ನಮ್ಮ ಅಭಿಪ್ರಾಯ. ಆ ಲವಣವು ಮೆಗ್ನೀಸಿಯಂ ಸಲ್ಫೇಟ್. ಎಲೆಯ ಹಸುರಿಗೆ ಆಧಾರವಾದ ಹರಿತ್ತಿನ ಪ್ರತಿಯೊಂದು ಕಣದ ನಡುವೆಯೂ ಮೆಗ್ನೀಸಿಯಂ ಇದೆಯೆಂಬುದು ಗ್ರೂವಿಗೆ ತಿಳಿದಿರಲಿಲ್ಲ. ಅದರ ಕೊರತೆಯಿಂದ ಗರಿ ಹಳದಿಯಾದ ತೆಂಗಿಗೆ ನಮ್ಮ ರೈತರು ಅದೇ ಉಪ್ಪನ್ನು ಹಾಕುತ್ತಾರೆ.

1701ರಲ್ಲಿ ಸೃಷ್ಟಿಯ ವ್ಯವಸ್ಥೆಯಲ್ಲಿ ದೈವದ ಹಸ್ತವನ್ನು ಕಾಣುವ ದೊಡ್ಡ ಗ್ರಂಥವೊಂದನ್ನು ಬರೆದ ಗ್ರೂ, 1712ರ ಮಾರ್ಚ್ 25ರಂದು ಹಠಾತ್ತಾಗಿ ನಿಧನ ಹೊಂದಿದನು. ಮಾಲ್ಪೀಗಿಯು 1694ರಲ್ಲಿಯೇ ರೋಮಿನಲ್ಲಿ ತೀರಿಕೊಂಡಿದ್ದನು. ಇಬ್ಬರೂ ಒಮ್ಮೆಯೂ ಭೇಟಿಯಾಗಲಿಲ್ಲ. ಇವರ ತರುವಾಯ ನೂರು ವರ್ಷಗಳಿಗೂ ಮಿಕ್ಕಿ ಈ ಹೊಲವನ್ನು ಯಾರೂ ಆಳವಾಗಿ ಉಳಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡಿಗಳು ಸುಧಾರಿಸಿದ ಮೇಲೆ, ಸಸ್ಯವೆಲ್ಲವೂ ಕೋಶಮಯವೆಂದು 1838ರಲ್ಲಿ ಶ್ಲೈಡನ್ ಸಾರಿದನು; 1858ರಲ್ಲಿ ನೇಗೆಲಿಯು ಕ್ಸೈಲಮ್, ಫ್ಲೋಯಮ್ ಮುಂತಾದ ಹೆಸರುಗಳನ್ನು ಕೊಟ್ಟನು. ಅವುಗಳ ಪಕ್ಕದಲ್ಲಿ ಗ್ರೂ ಇಟ್ಟ ಪೇರೆಂಕೈಮವು ಬದಲಾಗದೆ ನಿಂತಿದೆ.

ಸ್ವೀಡನ್ನಿನ ಲಿನೇಯಸ್ ಗಿಡಗಳಿಗೆ ಹೆಸರಿಡುವಾಗ ಒಂದು ಕುಲಕ್ಕೆ ಗ್ರೂವಿನ ಸ್ಮರಣಾರ್ಥವಾಗಿ ಗ್ರೂವಿಯ ಎಂದು ಹೆಸರಿಟ್ಟನು. ಬೇಸಿಗೆಯಲ್ಲಿ ಮಾರಾಟಕ್ಕೆ ಬರುವ ಹುಳಿಸಿಹಿಯ ಫಾಲ್ಸಾ ಹಣ್ಣು ಈ ಕುಲದ್ದು. ನಮ್ಮ ಮಲೆನಾಡಿನ ಹಾಗೂ ಅದರ ಸೆರಗಿನ ಕಾಡುಗಳಲ್ಲಿ ಬೆಳೆಯುವ ತಡಸಲು ಮರವೂ ಇದೇ ಕುಲದ್ದು. ಅದರ ಕಟ್ಟಿಗೆ ಬಾಗಿದರೂ ಬೇಗನೆ ಮುರಿಯದು. ಆದುದರಿಂದ ಗಾಡಿಯ ಮೂಕಿಗೂ ಕೊಡಲಿ
ಗುದ್ದಲಿಗಳ ಕಾವಿಗೂ ಅದನ್ನು ಬಳಸುತ್ತಾರೆ. ಅದರ ತೊಗಟೆಯನ್ನು ಸುಲಿದು ಹಗ್ಗಕ್ಕೆ ನಾರು ತೆಗೆಯುವುದೂ ಉಂಟು. ಆ ನಾರಿನ ಒಂದೊಂದು ಎಳೆಯೂ, ಗೋಡೆ ದಪ್ಪವಾಗಿ ಉದ್ದಕ್ಕೆ ಬೆಳೆದು ಒಂದನ್ನೊಂದು ತಬ್ಬಿಕೊಂಡ ಕೋಶಗಳ ಕಟ್ಟು.